ಒಂದು ಪದಕ್ಕೆ ಇಷ್ಟಾ?

ಫೆಬ್ರವರಿ ೯, ಶುಕ್ರವಾರ

ಪ್ರೀತಿಯ ಗುಂಡಿ,

ನಾನು ಕ್ಷೇಮ. ನಿನ್ನ ಮಂಡಿನೋವು ಹೇಗಿದೆ? ನಿನ್ನ ಕಾಗದ ಬಂದು ಎಷ್ಟು ಕಾಲವಾಯಿತೆಂದು ಮಾತ್ರ ಕೇಳಬೇಡ. ಮೇಜಿನ ಮೇಲೆ ಕೂತು ದಿನವೂ ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಿತ್ತು. ಫೋನು ಮಾಡೋಣವೆಂದರೆ ನಿನ್ನ ಕಿವಿಯನ್ನು ಆ ಹೆಡ್‌ಫೋನುಗಳು ತಿಂದು ಮುಗಿಸಿವೆ. ಹೋದ ಸಲ ನಾನು "ಹಲ್ಲು ಕೀಳಿಸಿಕೊಂಡೆ" ಎಂದರೆ ನೀನು "ಯಾವಾಗ ಬರ್ತೀಯಾ?" ಎಂದು ಕೇಳಿದೆ. ಸ್ಟುಡಿಯೋ ಗಾಜಿನ ಆ ಕಡೆ ಕೂತು ಗುಂಡಿ ತಿರುಗಿಸುತ್ತ, ನಾನು ಉಗುಳು ನುಂಗಿದ ಸದ್ದನ್ನೂ ಹಿಡಿಯುತ್ತಿದ್ದವಳು ನೀನು! ಇರಲಿ, ಕಾಗದವೇ ನಮಗೆ ಗತಿ.

ಇವತ್ತು ಬರೆಯಲು ಕೂತದ್ದು ಹೊಟ್ಟೆಯುರಿಯಿಂದ. ನಿನ್ನೆ ನಮ್ಮ ರೇಡಿಯೋ ಕೇಂದ್ರದ ಡ್ರೈವರ್ ಬಂದು ಒಂದು ಆಮಂತ್ರಣ ಕೊಟ್ಟುಹೋದ. ನಮ್ಮ ಸೆಕೆಂಡ್ ಮುಳ್ಳು ನಿವೃತ್ತನಾಗುತ್ತಿದ್ದಾನೆ! ಅವನು ಡ್ಯೂಟಿ ಆಫೀಸರ್ ಆಗಿ ಬಂದ ಹೊಸದರಲ್ಲಿ ನಾವಿಬ್ಬರೂ ಟೀ ಕುಡಿಯುತ್ತ ಇಟ್ಟ ಹೆಸರಲ್ಲವೇ ಅದು? ಪ್ರಸಾರದಲ್ಲಿ ಒಂದು ಕ್ಷಣ ಸದ್ದು ನಿಂತರೆ ಸಾಕು, ಗೋಡೆ ಗಡಿಯಾರದ ಮುಳ್ಳಿನ ಹಾಗೆ ಟಕಟಕ ಎಂದು ಓಡಿಬಂದು ಎಲ್ಲರಿಗೂ ಚುಚ್ಚುತ್ತಿದ್ದ. "ಮೌನ ನಮ್ಮ ಶತ್ರು" ಎಂದು ಸ್ಟುಡಿಯೋ ಬಾಗಿಲಿಗೆ ಅಂಟಿಸಿದ್ದ. ಹಾಗೆ ಚುಚ್ಚುತ್ತಲೇ ಮೇಲೇರಿ ನಿರ್ದೇಶಕನೂ ಆದ. ಈಗ ಅವನ ಬೀಳ್ಕೊಡುಗೆಗೆ ದೊಡ್ಡ ಸಭೆಯಂತೆ, ಮಂತ್ರಿಗಳಂತೆ, ಎಲ್ಲವೂ ನೇರ ಪ್ರಸಾರವಂತೆ.

ಕಾರ್ಡು ಕನ್ನಡಿಯ ಹಾಗೆ ಹೊಳೆಯುತ್ತಿದೆ. ಅದರಲ್ಲಿ ಅಭಿನಂದನಾ ಪತ್ರ ಓದುವವರು ಎಂದು ನನ್ನನ್ನು ಹಾಕಿದ್ದಾರೆ. ನನಗೆ ಕೊಟ್ಟ ಬಿರುದು "ಫಾರ್ಮರ್ ನ್ಯೂಸ್ ರೀಡರ್". ನಮ್ಮದೇ ಅಕ್ಷರದಲ್ಲಿ! ವಾರ್ತೆ ಎಂಬ ಪದವೂ ಸತ್ತಿತೇ, ಗುಂಡಿ? "ಮಾಜಿ" ಅಂದಿದ್ದರೂ ಸಹಿಸುತ್ತಿದ್ದೆ. ಅದೂ ಎಲ್ಲಿಂದಲೋ ಬಂದ ಪದವೇ, ಆದರೆ ಹಳೆಯ ಸೊಸೆಯ ಹಾಗೆ ಮನೆಗೆ ಹೊಂದಿಕೊಂಡಿದೆ. ಎಷ್ಟು ಮಂತ್ರಿಗಳ ಹೆಸರಿನ ಮುಂದೆ ನಾನೇ ಅದನ್ನು ಮೆತ್ತಗೆ ಇಟ್ಟು ಓದಿದ್ದೇನೆ!

ಕೆಳಗಿನ ಅಂಗಡಿಯ ಟೈಲರ್ ಯಜಮಾನರಿಗೆ ಕಾರ್ಡು ತೋರಿಸಿದೆ. ಅವರು ಕನ್ನಡಕ ಏರಿಸಿ, ಇಳಿಸಿ, ನನ್ನ ಮುಖವನ್ನೂ ಒಮ್ಮೆ ನೋಡಿ, "ಏನಕ್ಕಾ, ಯಾವಾಗಿಂದ ಬೇಸಾಯ? ನಂಗೆ ಹೇಳ್ಲೇ ಇಲ್ಲ?" ಎಂದರು.

"ರೈತ ಅಲ್ಲ ಯಜಮಾನ್ರೇ, ಹಿಂದೆ ಇದ್ದೋಳು, ಈಗ ಇಲ್ದೋಳು ಅಂತ ಅರ್ಥ."

"ಈಗ ಇಲ್ವಾ? ಕಣ್ಣೆದುರಿಗೇ ನಿಂತಿದೀರಲ್ಲ!" ಎಂದರು ಪಾಪ. ನಗುವೂ ಬಂತು, ಮೈಯೂ ಉರಿಯಿತು.

ಸಂಜೆ ಅವನೇ ಫೋನು ಮಾಡಿದ. ದನಿಯಲ್ಲಿ ಸಕ್ಕರೆ ಸುರಿಯುತ್ತಿತ್ತು. "ಅಕ್ಕಾ, ನಿಮ್ಮ ವಾಯ್ಸ್ ಇಲ್ದೆ ನನ್ನ ಫಂಕ್ಷನ್ ಆಗುತ್ತಾ? ನೀವೇ ಓದ್ಬೇಕು."

"ಧ್ವನಿಗೆ ವಯಸ್ಸಾಯ್ತು ಅಂತ ತೆಗೆದುಹಾಕಿದೋರು ನೀವೇ ಅಲ್ವಾ?" ಎಂದೆ.

"ಅಯ್ಯೋ, ಅದು ದಿನಾ ಓದೋ ನ್ಯೂಸ್‌ಗೆ. ಸಮಾರಂಭಕ್ಕೆ ಹಳೇ ಧ್ವನಿ ಒಂದು ತೂಕ ಕೊಡುತ್ತೆ."

ಕೇಳಿದೆಯಾ? ನಾನೇನು ಹಳೆಯ ಬೀರುವೇ? ನನ್ನನ್ನು ತೆಗೆದ ದಿನ ನಿನಗೆ ನೆನಪಿರಬೇಕು. ಒಂದು ಮಾತು ಹೇಳಲಿಲ್ಲ. ಸಂಜೆ ಹೋಗಿ ಸ್ಟುಡಿಯೋ ಬಾಗಿಲು ತಳ್ಳಿದರೆ ನನ್ನ ಕುರ್ಚಿಯಲ್ಲಿ ಬೇರೆ ಹುಡುಗಿ ಕೂತು ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಅವಳ ತಪ್ಪಲ್ಲ, ಅವಳೂ ನನ್ನಷ್ಟೇ ಬೆವರಿದಳು. ಇಡೀ ಊರು ನನ್ನನ್ನು "ಏಳೂವರೆ ಅಕ್ಕ" ಎಂದು ಕರೆಯುತ್ತಿತ್ತು. ಏಳೂವರೆಗೆ ನಾನು ಬಾಯಿ ತೆರೆದರೆ ಅಂಗಡಿಗಳಲ್ಲಿ ಚೌಕಾಸಿ ನಿಲ್ಲುತ್ತಿತ್ತು. ಅವತ್ತು ಏಳೂವರೆಗೆ ನಾನು ಬಸ್ ಸ್ಟಾಪಿನಲ್ಲಿ ನಿಂತು, ಪಕ್ಕದವನ ರೇಡಿಯೋದಲ್ಲಿ ನನ್ನ ವಾರ್ತೆ ಕೇಳಿದೆ.

"ನೋಡ್ತೀನಿ" ಎಂದು ಫೋನಿಟ್ಟೆ. ನೋಡುವುದೇನೂ ಇಲ್ಲ, ಹೋಗುವುದಿಲ್ಲ. ನನ್ನವರು ಇದ್ದಿದ್ದರೆ, "ಬಿಡೇ, ನಾಯಿ ಬೊಗಳಿದರೆ ದೇವಲೋಕ ಹಾಳೇ?" ಎಂದು ನಕ್ಕು ಕಾರ್ಡಿನ ಹಿಂಭಾಗದಲ್ಲಿ ಆ ಮುಳ್ಳಿನದೇ ಒಂದು ಚಿತ್ರ ಗೀಚುತ್ತಿದ್ದರು. ಡ್ರಾಯಿಂಗ್ ಮೇಷ್ಟ್ರಿಗೆ ಖಾಲಿ ಹಾಳೆ ಕಂಡರೆ ಕೈ ಸುಮ್ಮನಿರುತ್ತಿತ್ತೇ? ನಾನೂ ಹಾಗೇ ಬಿಟ್ಟುಬಿಡುತ್ತೇನೆ. ಅವನ ಸಮಾರಂಭಕ್ಕೆ ಬೇರೆ ಬೀರು ಹುಡುಕಿಕೊಳ್ಳಲಿ.

ಮಂಡಿಗೆ ಬಿಸಿನೀರಿನ ಶಾಖ ಕೊಡು. ಮಗನಿಗೂ ಸೊಸೆಗೂ ಆಶೀರ್ವಾದ ತಿಳಿಸು.

ನಿನ್ನ
ಏಳೂವರೆ ಅಕ್ಕ


ಏಪ್ರಿಲ್ ೨೨, ಸೋಮವಾರ

ಪ್ರೀತಿಯ ಗುಂಡಿ,

ಬೈಯಿ, ಎಷ್ಟು ಬೇಕಾದರೂ ಬೈಯಿ. ನಿನ್ನ ಎರಡೂ ಕಾಗದ ಬಂದವು. ಎರಡನೆಯದರಲ್ಲಿ "ಬದುಕಿದ್ದೀಯಾ?" ಎಂದು ಒಂದೇ ಸಾಲು ಬರೆದಿದ್ದೆ. ಬದುಕಿದ್ದೇನೆ. ಎಲ್ಲ ಮುಗಿದು ಏನಾಗುವುದೋ ನೋಡಿಕೊಂಡು ಬರೆಯೋಣವೆಂದು ಸುಮ್ಮನಿದ್ದೆ. ಪೂರ್ತಿ ಸುದ್ದಿ ಕೈಗೆ ಬರುವ ಮುಂಚೆ ಓದಬಾರದು ಎನ್ನುವುದು ಹಳೆಯ ಅಭ್ಯಾಸ.

ಹೋಗುವುದಿಲ್ಲ ಎಂದಿದ್ದೆನಲ್ಲ, ಹೋದೆ. ಸಭೆಗೆ ವಾರವಿರುವಾಗ ನಾನೇ ಅವನಿಗೆ ಫೋನು ಮಾಡಿ, "ಓದ್ತೀನಿ, ಪತ್ರ ಕಳಿಸಿ" ಎಂದೆ. ಅವನು ಹಿಗ್ಗಿ ಹೀರೇಕಾಯಿಯಾದ. ಪತ್ರ ಬಂತು. ಹೊಗಳಿಕೆಯೆಂದರೆ ಏನು ಅಂತೀಯಾ? ಒಂದು ಗೂಟಕ್ಕೆ ಇಷ್ಟು ಹಾರ ಹಾಕಿದರೆ ಗೂಟವೇ ಚಿಗುರಬೇಕು. ನಾನು ಮೂರು ದಿನ ಅದನ್ನು ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿದೆ. ಕನ್ನಡಿಯ ಮುಂದೆ ನಿಂತು ತುಟಿ ಕೊಂಕದ ಹಾಗೆ, ಹುಬ್ಬು ಅಲ್ಲಾಡದ ಹಾಗೆ ನೋಡಿಕೊಂಡೆ. ಭೂಕಂಪವಾದರೂ, ಕಪ್ ಗೆದ್ದರೂ ಒಂದೇ ಮುಖದಲ್ಲಿ ಓದಿದವಳು ನಾನು. ಆ ಮುಖ ಇನ್ನೂ ಇತ್ತು.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಸೂಟು ಬೂಟು, ಹಿಂದಿನ ಸಾಲಿನಲ್ಲಿ ನಮ್ಮ ಟೆಕ್ನಿಷಿಯನ್ನರು. ಎಷ್ಟೋ ಜನ ತಲೆ ಬೆಳ್ಳಗಾದವರು. "ಅಕ್ಕ ಬಂದ್ಲು, ಏಳೂವರೆ ಅಕ್ಕ ಬಂದ್ಲು" ಎಂದು ಎದ್ದು ನಿಂತರು. ವೇದಿಕೆಯ ನಡುವೆ ಮುಳ್ಳು, ಹೊಸ ಕೋಟು, ಬಲಕ್ಕೆ ಮಂತ್ರಿಗಳು. ಪ್ರಸಾರ ಮಂಡಳಿಯ ಅಧ್ಯಕ್ಷಗಿರಿ ಖಾಲಿ ಇದೆ, ಅದನ್ನು ಇವನಿಗೇ ಕೊಟ್ಟೆವು ಎಂದು ಮಂತ್ರಿಗಳು ಅಲ್ಲೇ ಘೋಷಿಸುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಸಿಹಿ ಹಂಚುವ ತಟ್ಟೆಯೂ ಬದಿಯಲ್ಲಿ ಸಿದ್ಧವಿತ್ತು.

ನೇರ ಪ್ರಸಾರದ ಕೆಂಪು ದೀಪ ಹತ್ತಿತು. ಈಗಿನ ವಾರ್ತೆಯ ಹುಡುಗಿಯೇ ನಿರೂಪಣೆ. "ಈಗ ನಮ್ಮ ಫಾರ್ಮರ್ ನ್ಯೂಸ್ ರೀಡರ್ ಅವರಿಂದ" ಎಂದು ಮುದ್ದಾಗಿ ಕರೆದಳು. ನಾನು ಎದ್ದೆ. ಮೈಕಿನ ಕತ್ತು ನನ್ನ ಎತ್ತರಕ್ಕೆ ಬಗ್ಗಿಸಿದೆ. ಎಷ್ಟು ದಿನವಾಗಿತ್ತು ಗುಂಡಿ, ಆ ತಣ್ಣನೆಯ ಕಬ್ಬಿಣ ಮುಟ್ಟಿ!

"ಎಲ್ಲರಿಗೂ ನಮಸ್ಕಾರ. ನಮ್ಮೆಲ್ಲರ ಪ್ರೀತಿಯ ಫಾರ್ಮರ್ ನಿರ್ದೇಶಕರಿಗೆ ಈ ಅಭಿನಂದನೆ."

ಅವನು ಕುರ್ಚಿಯಲ್ಲಿ ಸ್ವಲ್ಪ ಅಲುಗಿದ. ಮಾರ್ಚ್ ತಿಂಗಳು ಮುಗಿಯುವ ತನಕ ಅವನು ಇನ್ನೂ ನಿರ್ದೇಶಕನೇ. ಮಂತ್ರಿಗಳು ಅವನ ಕಿವಿಗೆ ಬಗ್ಗಿ, "ರಿಟೈರ್ ಆಗೇಬಿಟ್ರಾ?" ಎಂದದ್ದು ಮೈಕಿನಲ್ಲಿ ಸಣ್ಣಗೆ ಕೇಳಿತು. ಅವನು ನನ್ನತ್ತ ನೋಡಿ, ತಪ್ಪಾಯಿತು ಎಂಬಂತೆ ಬೆರಳಾಡಿಸಿದ. ನಾನು ಮುಂದುವರಿಸಿದೆ.

"ಫಾರ್ಮರ್ ಕಲಾರಸಿಕರು. ಫಾರ್ಮರ್ ಸ್ನೇಹಜೀವಿ. ಕಿರಿಯರ ಪಾಲಿಗೆ ಫಾರ್ಮರ್ ಹಿರಿಯಣ್ಣ."

ಸಭೆಯವರು ಕೇಳಿದ್ದು ನಿಜವೇ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಹಾಳೆಯ ಮೇಲಿದ್ದದ್ದನ್ನು ಒಂದಕ್ಷರ ಬಿಡಲಿಲ್ಲ, ಪ್ರತಿ ಬಿರುದಿನ ಮುಂದೆ ಆ ಒಂದು ಪದವನ್ನು ಇಟ್ಟೆ, ಅಷ್ಟೇ. ನಿಧಾನವಾಗಿ, ಸ್ಪಷ್ಟವಾಗಿ, ಒತ್ತು ಎಲ್ಲಿ ಬೇಕೋ ಅಲ್ಲಿ.

"ಆದರ್ಶ ಫಾರ್ಮರ್ ಪತಿ. ಇವರ ಫಾರ್ಮರ್ ಪ್ರಾಮಾಣಿಕತೆ ನಾಡಿಗೇ ಮಾದರಿ."

ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ ಟೆಕ್ನಿಷಿಯನ್ ಮೂಗಿನಲ್ಲಿ ನಕ್ಕ. ಅಲ್ಲಿಂದ ಹತ್ತಿಕೊಂಡಿತು ನೋಡು, ಒಣಹುಲ್ಲಿಗೆ ಕಿಡಿ ಬಿದ್ದ ಹಾಗೆ. ಮುಂದಿನ ಸಾಲಿನ ಸೂಟುಗಳೂ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡವು. ಮಂತ್ರಿಗಳು ನಗಬೇಕೋ ಬೇಡವೋ ತಿಳಿಯದೆ ನೀರು ಕುಡಿದರು. "ಎಲ್ಲಕ್ಕಿಂತ ಮಿಗಿಲಾಗಿ ಒಬ್ಬ ಫಾರ್ಮರ್ ಮನುಷ್ಯ" ಎಂದು ಓದಿದಾಗ ಯಾರೂ ನಗಲಿಲ್ಲ. ಮಾತು ಎಲ್ಲಿಗೆ ನಾಟಬೇಕೋ ಅಲ್ಲಿಗೆ ನಾಟಿತ್ತು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಅನ್ನುತ್ತಾರಲ್ಲ, ನನಗೆ ತೆಗೆಯುವ ಉದ್ದೇಶವಿರಲಿಲ್ಲ. ಇನ್ನೂ ಒಳಗೆ ತಳ್ಳಬೇಕಿತ್ತು.

ಕೊನೆಯ ಸಾಲನ್ನು ಮಾತ್ರ ಇದ್ದ ಹಾಗೇ ಓದಿದೆ. "ಇವರ ಅವಧಿಯಲ್ಲಿ ಈ ಕೇಂದ್ರದಿಂದ ಒಂದು ಕ್ಷಣದ ಮೌನವೂ ಪ್ರಸಾರವಾಗಿಲ್ಲ."

ಓದಿ, ಬಾಯಿ ಮುಚ್ಚಿದೆ. ಮೈಕಿನಿಂದ ಕದಲಲಿಲ್ಲ. ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡು ಅವನನ್ನೇ ನೋಡುತ್ತ ನಿಂತೆ.

ನಿನಗೆ ಗೊತ್ತು, ಗುಂಡಿ, ಪ್ರಸಾರದಲ್ಲಿ ಮೌನ ಎಷ್ಟು ಉದ್ದವಿರುತ್ತದೆಂದು. ವಾರ್ತೆಯ ಹುಡುಗಿ ಬಿಳಿಚಿಕೊಂಡು ನಿಂತಲ್ಲೇ ನಿಂತಳು. ಪ್ಯಾನೆಲ್ ಮುಂದೆ ಕೂತಿದ್ದ ನಮ್ಮ ಹುಡುಗರು ಹಾಡೊಂದನ್ನು ಹಾಕಬಹುದಿತ್ತು. ಹಾಕಲಿಲ್ಲ. ಕೈಕಟ್ಟಿ ಕೂತರು. ಎಲ್ಲರಿಗೂ ಅವನು ಒಂದೊಂದು ಸಲ ಚುಚ್ಚಿದ್ದ.

ಅವನು ಎದ್ದ. ಕೂತ. ಮತ್ತೆ ಎದ್ದ. ಕೋಟಿನ ತೋಳು ಸರಿಸಿ ಗಡಿಯಾರ ನೋಡಿಕೊಂಡ. ಹಣೆಯಲ್ಲಿ ಬೆವರು. ಕೊನೆಗೆ ತಡೆಯಲಾರದೆ ಧಾವಿಸಿಬಂದು ಮೈಕು ಕಿತ್ತುಕೊಂಡು ಕಿರುಚಿದ. "ಯಾರಾದ್ರೂ ಮಾತಾಡ್ರೋ! ಏರ್‌ನಲ್ಲಿ ಏನೂ ಹೋಗ್ತಿಲ್ಲ! ಏನ್ ನೋಡ್ತಿದೀರಾ ಕತ್ತೆಗಳಾ! ಮಂತ್ರಿಗಳೇ, ನೀವಾದ್ರೂ ಏನಾದ್ರೂ ಒದರಿ!"

ಒದರಿ! ಮಂತ್ರಿಗಳಿಗೆ! ನೇರ ಪ್ರಸಾರದಲ್ಲಿ! ಕ್ಷೌರದ ಅಂಗಡಿಗಳಲ್ಲಿ, ಬಸ್ಸುಗಳಲ್ಲಿ, ಅಡುಗೆಮನೆಗಳಲ್ಲಿ ಎಲ್ಲರೂ ಕೇಳಿದರು. ಮಂತ್ರಿಗಳು ಏನೂ ಒದರಲಿಲ್ಲ. ಶಾಲು ಮಡಿಸಿ ಕುರ್ಚಿಯ ಮೇಲಿಟ್ಟು ಹೊರಟುಹೋದರು. ಸಿಹಿಯ ತಟ್ಟೆ ಬಂದ ದಾರಿಯಲ್ಲೇ ವಾಪಸಾಯಿತು. ಅಧ್ಯಕ್ಷಗಿರಿ ಹೋದ ವಾರ ಬೇರೆಯವರಿಗೆ ಆಯಿತು, ಒಬ್ಬ ಪಶುವೈದ್ಯರಿಗೆ. ಅವರಿಗೆ ರೇಡಿಯೋ ಬಗ್ಗೆ ಏನೂ ಗೊತ್ತಿಲ್ಲವಂತೆ, ಆದರೆ ಯಾರ ಮೇಲೂ ಕಿರುಚುವುದಿಲ್ಲವಂತೆ. ಇನ್ನು ನಮ್ಮ ಮುಳ್ಳಿಗೆ ಊರು ಹೊಸ ಹೆಸರಿಟ್ಟಿದೆ. ಪೇಪರಿನವನು, "ಫಾರ್ಮರ್ ಸಾರ್ ಮನೆಗೆ ಪೇಪರ್ ಹಾಕಿದೆ" ಅನ್ನುತ್ತಾನೆ. ಬ್ಯಾಂಕಿನಲ್ಲಿ ಅವನು ಸಾಲಿನಲ್ಲಿ ನಿಂತರೆ ಹಿಂದಿನಿಂದ ಯಾರೋ "ಫಾರ್ಮರ್" ಎಂದು ಪಿಸುಗುಡುತ್ತಾರೆ, ಅವನು ತಿರುಗಿದರೆ ಎಲ್ಲರೂ ಸೀಲಿಂಗು ನೋಡುತ್ತಾರೆ. ಸಂಜೆಯ ವಾಕಿಂಗ್ ಬಿಟ್ಟಿದ್ದಾನಂತೆ. ಬಿಡಲಿ. ಟೈಲರ್ ಯಜಮಾನರು ಅಂಗಡಿಯ ರೇಡಿಯೋದಲ್ಲಿ ಪೂರ್ತಿ ಕೇಳಿ, "ಒಳ್ಳೇ ಬೆಳೆ ತೆಗೆದ್ರಿ ಅಕ್ಕಾ!" ಎಂದು ನನಗೆ ಟೀ ಕುಡಿಸಿದರು.

ನೀನು ಏನನ್ನುತ್ತೀಯೆಂದು ಬಲ್ಲೆ. "ಅಕ್ಕಾ, ಇದು ಜಾಸ್ತಿಯಾಯ್ತು" ಅನ್ನುತ್ತೀಯ. ಸಭೆ ಮುಗಿದ ಮೇಲೆ ಓಣಿಯಂಥ ಆ ಹಿಂಬದಿಯ ಕಾರಿಡಾರಿನಲ್ಲಿ ಅವನೂ ಅದನ್ನೇ ಕೇಳಿದ. ಕೋಟು ಬಿಚ್ಚಿ ಕೈಮೇಲೆ ಹಾಕಿಕೊಂಡು ಗೋಡೆಗೆ ಒರಗಿ ನಿಂತಿದ್ದ. ಮುಖ ಸುಣ್ಣವಾಗಿತ್ತು. "ಒಂದು ಪದಕ್ಕೆ ಇಷ್ಟಾ ಅಕ್ಕಾ? ಪ್ರಿಂಟ್ ಆದ ಒಂದು ಪದಕ್ಕೆ ನನ್ನ ಬಾಳನ್ನೇ ತೆಗೆದ್ರಾ?"

ಮರುಕ ಬರಬಹುದು ಎಂದು ಒಂದು ಗಳಿಗೆ ಕಾದೆ. ಬರಲಿಲ್ಲ. ಮನೆಗೆ ಬಂದು ಹೊಟ್ಟೆ ತುಂಬ ಉಂಡು, ಮಗುವಿನ ಹಾಗೆ ನಿದ್ದೆ ಮಾಡಿದೆ. ಇದನ್ನು ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ. ಕೈಗೆ ಸಿಕ್ಕರೆ ಇನ್ನೊಮ್ಮೆ ಮಾಡುತ್ತೇನೆ.

ನಿನ್ನ ಸೊಸೆಗೆ ಕೆಲಸ ಸಿಕ್ಕಿದ್ದು ಓದಿ ಹಿಗ್ಗಿದೆ. ಅತ್ತೆಯ ಬಾಯಿಗೆ ಹೆದರದ ಹುಡುಗಿ, ಆಫೀಸಿನಲ್ಲಿ ಯಾರಿಗೂ ಹೆದರುವುದಿಲ್ಲ ಬಿಡು. ಮೊಮ್ಮಗಳ ಹಲ್ಲು ಬಂತೇ? ಅವಳ ಕೆನ್ನೆಗೆ ನನ್ನದೊಂದು ಮುತ್ತು. ನಿಮ್ಮ ಮನೆಯಲ್ಲಿ ನಗು ತುಂಬಿರಲಿ, ನಿನ್ನ ಕಾಲಿಗೆ ಬಲ ಬರಲಿ, ನೀನು ನನಗಿಂತ ಹೆಚ್ಚು ದಿನ ಬಾಳು.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದೇನೂ ಅಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಹೋಗಲಾರೆ ಎಂದವಳು ಯಾಕೆ ಹೋದೆ ಎಂದು ನೀನು ಕೇಳಿಯೇ ಕೇಳುತ್ತೀಯ.

ಮಾರ್ಚ್ ಮೊದಲಲ್ಲಿ ಕಣ್ಣಿನ ಆಸ್ಪತ್ರೆಗೆ ಹೋಗಿದ್ದೆ. ಬೆಂಚಿನ ಮೇಲೆ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಒಬ್ಬ ಮುದುಕಿ ಕೂತಿದ್ದಳು. ನಾನು ನರ್ಸನ್ನು ಏನೋ ಕೇಳಿದ್ದೇ ತಡ, "ಏಳೂವರೆ ಅಕ್ಕ!" ಎಂದು ಗಾಳಿಯಲ್ಲಿ ಕೈ ಚಾಚಿದಳು. ನಮ್ಮ ಕೇಂದ್ರಕ್ಕೆ ಬಂದ ಫೋನುಗಳನ್ನು ಜೋಡಿಸಿಕೊಡುತ್ತಿದ್ದ ಸ್ವಿಚ್‌ಬೋರ್ಡಿನ ಅಮ್ಮ. ನನ್ನ ಕೈ ಹಿಡಿದವಳು ಬಿಡಲೇ ಇಲ್ಲ. "ಅವನು ಇನ್ನೇನು ಹೊರಟ ಅಂತ ಈಗ ಹೇಳ್ತಿದೀನಿ, ಇಷ್ಟು ದಿನ ಬಾಯಿ ಬಿಡೋಕೆ ಹೆದರಿಕೆ ಆಗ್ತಿತ್ತು ಕಣಮ್ಮಾ, ನನ್ನ ಮಗಂಗೂ ಅಲ್ಲೇ ಕೆಲಸ" ಎಂದು ಅತ್ತಳು.

ನನ್ನವರು ಹೋದ ದಿನ ನೀನು ಬಾಣಂತನದ ರಜೆಯಲ್ಲಿದ್ದೆ. ಸಣ್ಣ ಆಪರೇಷನ್, ಹೆದರುವಂಥದ್ದೇನಿಲ್ಲ ಅಂದಿದ್ದರು ಡಾಕ್ಟರು. "ನೀನು ಹೋಗಿ ಓದು, ನಾನಿಲ್ಲಿ ಕೇಳ್ತೀನಿ" ಎಂದು ಅವರೇ ನನ್ನನ್ನು ಕಳಿಸಿದ್ದರು. ವಾರ್ತೆ ಮುಗಿಸಿ ಹೊರಬಂದಾಗ ಮುಳ್ಳು ಬಾಗಿಲಲ್ಲಿ ನಿಂತು, "ಅದ್ಭುತವಾಗಿ ಓದಿದ್ರಿ" ಎಂದ. ಆಮೇಲೆ, "ಆಸ್ಪತ್ರೆಯಿಂದ ಈಗಷ್ಟೇ ಫೋನ್ ಬಂತು" ಎಂದ. ನಾನು ಹೋಗುವಷ್ಟರಲ್ಲಿ ಮುಖಕ್ಕೆ ಬಟ್ಟೆ ಹಾಕಿದ್ದರು. ಇಷ್ಟು ವರ್ಷ ನಾನು ನಂಬಿದ್ದು ಅಷ್ಟೇ, ನಿನಗೂ ಗೊತ್ತಿರುವುದು ಅಷ್ಟೇ.

ಫೋನು ಈಗಷ್ಟೇ ಬಂದದ್ದಲ್ಲ, ಗುಂಡಿ. ನಾನು ಸ್ಟುಡಿಯೋದ ಒಳಗೆ ಹೋಗುವ ಮುಂಚೆಯೇ ಬಂದಿತ್ತು. "ಮೇಷ್ಟ್ರು ಹೆಂಡ್ತೀನ ಕೇಳ್ತಿದಾರೆ, ಕೂಡಲೇ ಕಳಿಸಿ" ಎಂದು ನರ್ಸು ಹೇಳಿದ್ದಳು. ಸ್ವಿಚ್‌ಬೋರ್ಡಿನ ಅಮ್ಮ ಓಡಿಬಂದು ಅವನಿಗೆ ತಿಳಿಸಿದ್ದಳು. ನನ್ನ ಬದಲು ವಾರ್ತೆ ಓದಬಲ್ಲ ಇನ್ನೊಬ್ಬರು ಪಕ್ಕದ ಕೋಣೆಯಲ್ಲೇ ಟೀ ಕುಡಿಯುತ್ತಿದ್ದರು. ಅವನು ಗಡಿಯಾರ ನೋಡಿ, "ಬುಲೆಟಿನ್ ಮುಗೀಲಿ. ಈಗ ಹೇಳಿದ್ರೆ ಅವಳ ಧ್ವನಿ ನಡುಗುತ್ತೆ" ಎಂದನಂತೆ.

ಕಾರಿಡಾರಿನಲ್ಲಿ ಅವನಿಗೆ ಇದನ್ನೇ ಹೇಳಿದೆ. ಅವನು ಹಣೆ ಗಂಟಿಕ್ಕಿ ಬಹಳ ಹೊತ್ತು ಯೋಚಿಸಿದ. ನಟನೆಯಲ್ಲ, ನಿಜವಾಗಿಯೂ ಯೋಚಿಸಿದ. ಆಮೇಲೆ, "ಯಾವತ್ತು ಅದು?" ಎಂದ.

ನನ್ನನ್ನು ಸಭೆಗೆ ಕಾರಿನಲ್ಲಿ ಕರೆದೊಯ್ದ ವಾರ್ತೆಯ ಹುಡುಗಿ ದಾರಿಯಲ್ಲಿ, "ನಿಮ್ಮ ಲೇಟ್ ಹಸ್ಬೆಂಡ್ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ರು ಅಲ್ವಾ ಮೇಡಂ?" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಸತ್ತ ಗಂಡನಿಗೆ ಇಂಗ್ಲಿಷಿನಲ್ಲಿ ಫಾರ್ಮರ್ ಅನ್ನುವುದಿಲ್ಲ, ಲೇಟ್ ಅನ್ನುತ್ತಾರೆ. ಲೇಟ್ ಆದದ್ದು ಅವರಲ್ಲ, ಗುಂಡಿ. ಅವರು ಹೊತ್ತಿಗೆ ಸರಿಯಾಗಿ ಕರೆದಿದ್ದರು.